ಬಳ್ಳಿಗೆ ಕಟ್ಟಿದ ಚಪ್ಪಲಿ

ಚಲುವಮ್ಮ ಹಳೇ ಚಪ್ಪಲಿಯೊಂದನ್ನು ಕುಂಬಳದ ಚಪ್ಪರಕ್ಕೆ ಕಟ್ಟಿದಳು. ದೃಷ್ಟಿ ತಾಕದಿರಲಿ ಅಂತ ಕಟ್ಟುವುದೇನೋ ಎಲ್ಲರೂ ಕಟ್ಟುತ್ತಾರೆ. ಆದರೆ ಇವಳು ಕಟ್ಟಿದ್ದು ಬೀದಿ ಕಡೆಗಲ್ಲ, ಪಕ್ಕದ ಮನೆಯ ಹಿತ್ತಿಲ ಕಡೆಗೆ. ಅಲ್ಲಿ ಬಟ್ಟೆ ಒಣಹಾಕಲು ಬರುವ ಶಮೀಮ್ ತಲೆಯೆತ್ತಿದರೆ ಮೊದಲು ಕಾಣಬೇಕಾದದ್ದೇ ಆ ಚಪ್ಪಲಿ.

"ಅಲ್ಲ ಕಣಮ್ಮಿ, ಆವಮ್ಮ ನಿಂಗೇನ್ ಮಾಡವ್ಳೆ?" ಅಂದ ಗಂಡ ಕೆಂಪಣ್ಣ, ಹಲ್ಲುಜ್ಜುತ್ತಾ.

"ಏನ್ ಮಾಡವ್ಳಾ? ಓದ್ ತಿಂಗ್ಳು ಗೋಡೆ ಮೇಲಿಂದ ಇಣುಕಿ, 'ಮಾಶಾಅಲ್ಲಾ, ಏನ್ ಬಳ್ಳಿ ಅಕ್ಕಾ! ಈ ಸಲ ಬುಟ್ಟಿಗಟ್ಲೆ ಕಾಯಿ' ಅಂದ್ಳಲ್ಲ, ಅವತ್ತಿಂದ ಒಂದ್ ಈಚಾದ್ರೂ ನಿಂತೈತಾ? ಎಲ್ಲಾ ಹಳದಿ ತಿರುಗಿ ಉದುರ್ತಾವೆ. ಅವಳದೇ ಕಣ್ಣು!"

ಪಾಂಡವಪುರದ ಆ ಬೀದಿಗೆ ಶಮೀಮ್ ಬಂದಾಗಿನಿಂದ ಬಳ್ಳಿಯ ಮೊದಲ ಕಾಯಿ ಎರಡು ಹೋಳಾಗುತ್ತಿತ್ತು. ಒಂದು ಚಲುವಮ್ಮನ ಹುಳಿಗೆ, ಇನ್ನೊಂದು ಶಮೀಮಳ ದಾಲ್ಚಾಗೆ. ಬಿಸಿ ದಾಲ್ಚಾದ ಬಟ್ಟಲು ತಿರುಗಿ ಅದೇ ಗೋಡೆ ದಾಟಿ ಬರುತ್ತಿತ್ತು. ಈ ವರ್ಷ ಬಳ್ಳಿಗೆ ಏನು ಕಮ್ಮಿ ಮಾಡಿದ್ದಳು? ಕೊಟ್ಟಿಗೆ ಗೊಬ್ಬರ, ದಿನಾ ನೀರು. ಹಿತ್ತಿಲನ್ನೂ ಚೊಕ್ಕ ಮಾಡಿದ್ದಳು. ಟೀವಿ ಸೀರಿಯಲ್ಲಿನ ಬಂಗಲೆಯಲ್ಲಿ ಕಂಡ ಬಣ್ಣಬಣ್ಣದ ಕ್ರೋಟನ್ ಗಿಡಗಳ ಮೇಲೆ ಆಸೆಬಿದ್ದು, ಗೋಡೆಗುಂಟ ತಾವಾಗಿ ಬೆಳೆದಿದ್ದ ತಂಗಡಿ, ತುಂಬೆ, ಆಡುಸೋಗೆ, ನಾಯಿತುಳಸಿ ಎಲ್ಲವನ್ನೂ ಮಳೆ ಶುರುವಾಗುತ್ತಲೇ ಕಳೆಯೆಂದು ಕಿತ್ತು ತಿಪ್ಪೆಗೆ ಹಾಕಿ, ಅಲ್ಲಿ ಕ್ರೋಟನ್ ನೆಟ್ಟಿದ್ದಳು. ಇಷ್ಟೆಲ್ಲ ಮಾಡಿಯೂ ಕಾಯಿ ನಿಲ್ಲದಿದ್ದರೆ ಕಣ್ಣು ಬೀಳದೆ ಇನ್ನೇನು?

ಶಮೀಮ್ ಚಪ್ಪಲಿ ನೋಡಿದಳು. ಒದ್ದೆ ಬಟ್ಟೆಗಳನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು. ಮಾರನೆ ದಿನದಿಂದ ಅವಳ ಬಟ್ಟೆಗಳು ಮನೆಯ ಮುಂದುಗಡೆ ಒಣಗಿದವು. "ಅಕ್ಕಾ, ಏನ್ ಸಾರು ಇವತ್ತು?" ಅನ್ನುವ ದನಿ ನಿಂತೇಹೋಯಿತು. ಸರಿಯಾಗಿ ಬುದ್ಧಿ ಕಲಿಸಿದೆ ಅಂದುಕೊಂಡ ಚಲುವಮ್ಮನಿಗೆ ಯಾಕೋ ಸಾರು ಮಾಡಲೂ ಬೇಸರ. ಕೆಂಪಣ್ಣನ ಹತ್ತಿರ ಎಷ್ಟು ಅಂತ ಮಾತಾಡುವುದು? ಅವನೋ ಹೂಂ ಅನ್ನುವುದಕ್ಕೂ ಜಿಪುಣ.

ಶ್ರಾವಣ ಮುಗಿಯುವ ಹೊತ್ತಿಗೆ ಬಳ್ಳಿಯಲ್ಲಿ ಹೀಚು ನಿಂತವು. ಒಂದಲ್ಲ, ನಾಲ್ಕಾರು.

"ನೋಡ್ದಾ! ಚಪ್ಪಲಿ ಕೆಲ್ಸ ಮಾಡ್ಬುಡ್ತು," ಅಂದ ಕೆಂಪಣ್ಣ.

ಚಲುವಮ್ಮನಿಗೆ ಖುಷಿಯಾಗಲಿಲ್ಲ. ಹಾಗಾದರೆ ಶಮೀಮಳ ಕಣ್ಣು ನಿಜವಾಗಿಯೂ ಕೆಟ್ಟದ್ದೇ? ಇನ್ನು ಈ ಜನ್ಮದಲ್ಲಿ ಆ ಗೋಡೆ ಮೇಲೆ ಬಟ್ಟಲು ಇಡುವಂತಿಲ್ಲವೇ? ಅಷ್ಟರಲ್ಲಿ ಕುಂಬಳದ ಹೂವಿನೊಳಗಿಂದ ಜೇನುಹುಳವೊಂದು ಮೈಗೆಲ್ಲ ಹಳದಿ ಹುಡಿ ಮೆತ್ತಿಕೊಂಡು ಹೊರಬಂತು. ಹಿಂದೆಯೇ ಇನ್ನೊಂದು. ಇಷ್ಟು ದಿನ ಹಿತ್ತಿಲಲ್ಲಿ ಹುಳದ ಸದ್ದೇ ಇರಲಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದೇ ಆಗ. ಅವು ಕ್ರೋಟನ್ ಕಡೆ ತಿರುಗಿಯೂ ನೋಡದೆ ಗೋಡೆ ದಾಟಿದವು. ಚಲುವಮ್ಮ ಸೀರೆ ಎತ್ತಿ ಕಟ್ಟಿ, ಒರಳುಕಲ್ಲು ಹತ್ತಿ ಇಣುಕಿದಳು.

ಅಯ್ಯೋ ಶಿವನೇ! ಶಮೀಮಳ ಹಿತ್ತಿಲ ತುಂಬ ತನ್ನದೇ ಗಿಡಗಳು. ತುಂಬೆ ಬೆಳ್ಳಗೆ ಹೂಬಿಟ್ಟು ನಿಂತಿತ್ತು. ನಾಯಿತುಳಸಿಯ ತೆನೆತೆನೆಗೂ ಜೇನು, ಚಿಟ್ಟೆ, ಗುಂಯ್ಯೆನ್ನುವ ಸದ್ದು. ನಡುವೆ ಕುಕ್ಕರಗಾಲಲ್ಲಿ ಕೂತು ಆಡುಸೋಗೆ ಎಲೆ ಕೀಳುತ್ತಿದ್ದ ಶಮೀಮ್ ತಲೆಯೆತ್ತಿದಳು.

"ಇವು... ನಮ್ ಗಿಡ ಅಲ್ವಾ?" ಅಂದಳು ಚಲುವಮ್ಮ.

"ನೀನು ತಿಪ್ಪೆಗೆ ಎಸೆದಿದ್ದು," ಅಂದಳು ಶಮೀಮ್, ಕೂತಲ್ಲಿಂದ ಏಳದೆ. "ನಮ್ ಮಗು ಫಿರ್ದೋಸ್‌ಗೆ ಕೆಮ್ಮು ಬಂದ್ರೆ ನಿನ್ ಹಿತ್ಲ ಎಲೆನೇ ತಾನೆ ಕಷಾಯಕ್ಕೆ? ಬೇರು ಒಣಗೋ ಮುಂಚೆ ತಂದು ನೆಟ್ಟೆ. ಹೂ ಬಿಡ್ತು, ಹುಳ ತಿರ್ಗಾ ಬಂದ್ವು. ಗೋಡೆಗುಂಟ ಹೂವೇ ಇಲ್ದಿದ್ರೆ ಹುಳ ಯಾಕ್ ಬರ್ಬೇಕು ಅಕ್ಕಾ? ಹುಳ ಬರ್ದೆ ಕಾಯಿ ಎಲ್ಲಿಂದ ನಿಲ್ಬೇಕು? ಅವತ್ತು ಬಟ್ಟೆ ಒಣಹಾಕೋಕೆ ಬಂದಾಗ ಅದನ್ನೇ ಹೇಳೋಣ ಅಂತಿದ್ದೆ. ಚಪ್ಪಲಿ ಕಾಣಿಸ್ತು." ಇನ್ನೊಂದು ಎಲೆ ಕಿತ್ತು ಸೇರಿಸಿದಳು: "ನಾವು ಮಾಶಾಅಲ್ಲಾ ಅನ್ನೋದೇ ಕಣ್ಣು ತಾಕ್ದೇ ಇರ್ಲಿ ಅಂತ."

ಶಿವನ ತಲೆಗೇರುವ ತುಂಬೆಯನ್ನು ತಾನು ತಿಪ್ಪೆಗೆಸೆದಿದ್ದಳು, ಇವಳು ಅದನ್ನು ತಂದು ನೀರೆರೆದು ಸಾಕಿದ್ದಳು. ಚಲುವಮ್ಮನಿಗೆ ನಾಚಿಕೆಯಿಂದ ಮುಖ ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಆದರೆ ಆ ನಾಚಿಕೆಯ ಬೆನ್ನಿಗೇ ಎದೆಯ ಮೇಲಿನ ಗುಂಡುಕಲ್ಲು ಉರುಳಿ ಹೋದಂತಾಯಿತು. ಇವಳ ಕಣ್ಣು ಕೆಟ್ಟದ್ದಲ್ಲ. ಸದ್ಯ, ಅಲ್ಲವೇ ಅಲ್ಲ! ಒರಳಿನಿಂದ ಧುಮುಕಿ ಹೋಗಿ ಚಪ್ಪಲಿ ಕಿತ್ತು ಎಸೆದಳು.

"ನನ್ ಬುದ್ಧಿಗಿಷ್ಟು ಬೆಂಕಿ ಆಕ! ತಪ್ಪಾಯ್ತು ಕಣವ್ವಾ," ಎಂದು ಗೋಡೆಯಾಚೆಗೆ ಕೇಳುವಂತೆ ಕೂಗಿದಳು. ಸಂಜೆ ನೋಡಿದರೆ ಗೋಡೆಯ ಮೇಲೆ ಮಣ್ಣುಸಮೇತ ನಾಲ್ಕು ತುಂಬೆ ಸಸಿ, ಒಂದು ಆಡುಸೋಗೆ ಕಡ್ಡಿ ಇದ್ದವು. ಕ್ರೋಟನ್ ಗಿಡಗಳು ಕಕ್ಕಸಿನ ಮೂಲೆಗೆ ಹೋದವು.

ಪಿತೃಪಕ್ಷಕ್ಕೆ ಮೊದಲ ಕಾಯಿ ಬಲಿಯಿತು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದೆಂದು ಕೆಂಪಣ್ಣನ ಕೈಲಿ ಮಚ್ಚು ಕೊಟ್ಟು ಹೋಳು ಮಾಡಿಸಿ, ದೊಡ್ಡ ಹೋಳನ್ನೇ ಆರಿಸಿಕೊಂಡು ಚಲುವಮ್ಮ ಒರಳು ಹತ್ತಿ ಕೂಗಿದಳು.

ಶಮೀಮ್ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಗೋಡೆಯ ಹತ್ತಿರ ಬಂದವಳೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತಡಕಾಡುತ್ತಾ ಕೈ ಚಾಚಿದಳು.

"ಲೇ, ಕಣ್ ಬುಡೇ!" ಅಂದಳು ಚಲುವಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. "ಬಳ್ಳೀಲಿ ಇನ್ನೂ ಅವೆ. ಎಲ್ಲಾನೂ ನೋಡು, ಕಣ್ತುಂಬಾ ನೋಡು."