ಬಿಸಾಡಿದ ಗಾಳಿ

ಲಾಂಡ್ರಿ ಯಜಮಾನ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದ. ಹೊರಗೆ, ಫ್ಯಾನಿನ ಬಾಯಿಗೆ ಮಹಡಿಯ ಟೈಲರ್ ಕಟ್ಟಿದ್ದ ಪುಟ್ಟ ಡೈನಮೊ ಚಕ್ರ ಗಿರಗಿರ ತಿರುಗುತ್ತಿತ್ತು. ಅದರ ವೈರು ಕಿಟಕಿಯಿಲ್ಲದ ಮೆಟ್ಟಿಲಿಗೆ ಹೋಗಿ ಅಲ್ಲೊಂದು ಬಲ್ಬು ಉರಿಸುತ್ತಿತ್ತು.

"ನೀವು ಹೊರಗೆ ಬಿಸಾಡೋ ಗಾಳಿ ಸ್ವಾಮಿ, ಸುಮ್ನೆ ದಂಡ ಆಗ್ತಿತ್ತು," ಎಂದ ಟೈಲರ್.

"ಕಿವಿ ಮೇಲೆ ಹೂ ಇಡ್ಬೇಡಿ. ಗಾಳಿಗೆ ಬಲ್ಬು ಉರಿಯುತ್ತಾ? ನನ್ನ ಲೈನಿಗೇ ಕೊಕ್ಕೆ ಹಾಕಿದ್ದೀರಿ. ಫ್ಯಾನ್ ಆರಿಸ್ತೀನಿ, ಆಮೇಲೂ ಬಲ್ಬು ಉರೀತಿದ್ರೆ ನೀವು ಕಳ್ಳರೇ!"

ಟಕ್ಕೆಂದಿತು ಸ್ವಿಚ್ಚು. ಚಕ್ರ ತೂಗಾಡಿ ನಿಂತಿತು. ಬಲ್ಬು ಕೆಂಪಗಾಗಿ, ಆರಿತು. ಯಜಮಾನ ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ.

ಕತ್ತಲಾದ ಮೆಟ್ಟಿಲಿನಿಂದ ಅವನ ತಾಯಿಯ ದನಿ ಕೇಳಿಸಿತು. ಕರೆದದ್ದು ಮಗನನ್ನಲ್ಲ.

"ಟೈಲರಪ್ಪಾ, ನೀನು ನಂಗೆ ಅಂತ ಹಾಕಿದ ದೀಪ ಹೋಯ್ತಲ್ಲೋ! ನಡುಮೆಟ್ಟಿಲಲ್ಲಿ ನಿಂತಿದ್ದೀನಿ, ಬಾ, ಕೈ ಹಿಡ್ಕೋ."