ಕೋಲು ಹಿಡಿದವರ ಮಾತು

"ಇನ್ನ ಮ್ಯಾಲೆ ಈ ಸಾಲ್ಯಾಗ ಯಾರಿಗೂ ಏಟಿಲ್ಲ" ಎಂದು ನಾಗಭೂಷಣ ಮೇಷ್ಟ್ರು ಸಾರಿದಾಗ ಏಳನೇ ತರಗತಿಯ ಮಕ್ಕಳು ನಂಬಲಿಲ್ಲ. ಯಾಕೆಂದರೆ ಅವರ ಕೈಯಲ್ಲಿ ಕೋಲಿತ್ತು.

ಮೇಷ್ಟ್ರ ಮಾತೇನೂ ಸುಳ್ಳಲ್ಲ. ತಪ್ಪು ಮಾಡಿದವರನ್ನು ಹೊಡೆಯಬಾರದು, ಎಲ್ಲರೂ ಸುತ್ತ ಕೂತು ಮಾತಾಡಿ ಸರಿಪಡಿಸಬೇಕು ಎಂದು ಆದವಾನಿಯ ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಒಂದು ವಸ್ತು ಕೈಯಿಂದ ಕೈಗೆ ದಾಟಬೇಕು, ಅದನ್ನು ಹಿಡಿದವರು ಮಾತ್ರ ಮಾತಾಡಬೇಕು. ಅಲ್ಲಿ ಬಣ್ಣದ ಚೆಂಡು ಕೊಟ್ಟಿದ್ದರು. ಕೋಸಗಿ ಹತ್ತಿರದ ಈ ಶಾಲೆಯ ಬೀರುವಿನಲ್ಲಿ ಸಿಕ್ಕಿದ್ದು ಹಳೇ ಕೋಲೊಂದೇ.

ವಿಚಾರಣೆಗೆ ಬಂದದ್ದು ಕುಡಿಯುವ ನೀರಿನ ನಳ. ನಿನ್ನೆ ಬೆಳಿಗ್ಗೆ ಅದು ಮುರಿದು ಟ್ಯಾಂಕಿನ ನೀರೆಲ್ಲ ಹರಿದುಹೋಗಿತ್ತು.

ಮೇಷ್ಟ್ರು ಮೊದಲು ತಮ್ಮ ಎಡಕ್ಕೆ ಕೂತಿದ್ದ ನರೇಶನತ್ತ ಕೋಲು ಚಾಚಿದರು. ಅವನು ಕಣ್ಣು ಮುಚ್ಚಿ ಅಂಗೈ ಒಡ್ಡಿದ.

"ಹೊಡಿಯಾಕ ಅಲ್ಲೋ, ಹಿಡಕಂಡು ಮಾತಾಡಾಕ."

"ನನಗ ಗೊತ್ತಿಲ್ರಿ ಸಾರ್."

ಕೋಲು ಮುಂದಕ್ಕೆ ಹೋಯಿತು. ಇಪ್ಪತ್ತಾರು ಮಕ್ಕಳಿಗೂ ಗೊತ್ತಿರಲಿಲ್ಲ.

ಸುತ್ತು ಮುಗಿದು ಕೊನೆಗೆ ಮೇಷ್ಟ್ರ ಬಲಪಕ್ಕದಲ್ಲೇ ಕೂತಿದ್ದ ಶಿವಲಕ್ಷ್ಮಿಯ ಸರದಿ. ಅವಳಿಗೆ ಗೊತ್ತಿತ್ತು. ನಿನ್ನೆ ಅವಳು ನೀರು ಹಿಡಿಯಲು ಹೋದಾಗ ಮೇಷ್ಟ್ರು ಫೋನಿನಲ್ಲಿ ಮಾತಾಡುತ್ತ ಬೈಕನ್ನು ಹಿಂದಕ್ಕೆ ತಳ್ಳಿ, ನಳಕ್ಕೆ ತಗುಲಿಸಿ, ತಿರುಗಿಯೂ ನೋಡದೆ ಹೋಗಿದ್ದರು. ಬಾಟಲಿ ಹಿಡಿದು ಅಲ್ಲಿ ನಿಂತಿದ್ದ ತಪ್ಪಿಗೆ ಎಲ್ಲರ ಅನುಮಾನ ಇವಳ ಮೇಲೆ.

"ಹೇಳವ್ವ, ಪರ್ವಾಲೇದು. ಖರೇ ಹೇಳಿದ್ರ ಯಾರೂ ಸಿಟ್ಟಾಗಂಗಿಲ್ಲ."

"ನಾ ಹೇಳಿದ ಮ್ಯಾಲೆ ಈ ಕೋಲು ಯಾರ ಕೈಗೆ ಹೋಗತೈತ್ರಿ ಸಾರ್?"

"ನನ್ನ ಕೈಗೆ. ಯಾಕವ್ವ?"

ಶಿವಲಕ್ಷ್ಮಿ ಕೋಲನ್ನೊಮ್ಮೆ, ಮೇಷ್ಟ್ರ ಕೈಯನ್ನೊಮ್ಮೆ ನೋಡಿದಳು.

"ನಾನೇ ಮುರದೀನ್ರಿ" ಎಂದಳು.

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ತರಬೇತಿ ಇಷ್ಟು ಬೇಗ ಫಲ ಕೊಟ್ಟೀತೆಂದು ಅವರು ಎಣಿಸಿರಲಿಲ್ಲ. ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು, ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕಲು ಫೋಟೊ ತೆಗೆದರು. ಆಮೇಲೆ ಜೇಬಿನ ಚೀಟಿ ಬಿಡಿಸಿ, ಅದರಲ್ಲಿದ್ದ ಕೊನೆಯ ಪ್ರಶ್ನೆ ಕೇಳಿದರು.

"ಇನ್ನೊಮ್ಮೆ ಹಿಂಗಾಗಬಾರದಂದ್ರ ಏನ್ ಮಾಡಬೇಕವ್ವ?"

ಕೋಲು ಇನ್ನೂ ಅವಳ ಕೈಯಲ್ಲೇ ಇತ್ತು.

"ನಿಮ್ಮ ಬೈಕ್ ಬ್ಯಾರೆ ಕಡೆ ನಿಲ್ಲಸ್ರಿ, ಸಾರ್."