ಸಮುದ್ರದ ಮೇಲೊಂದು ಚುಕ್ಕೆ

ಕಳೆದ ತಿಂಗಳ ಮಸ್ಕತ್ ನಗರವೇ ಪರದೆಯ ಮೇಲೆ ಚುಕ್ಕೆಗಳಾಗಿ ಹರಿಯುತ್ತಿತ್ತು. ಒಂದೊಂದು ಚುಕ್ಕೆಯೂ ಒಂದೊಂದು ಮೊಬೈಲ್. ಸೂಪರ್‌ಮಾರ್ಕೆಟ್ ತೆರೆಯಲು ಜಾಗ ಹುಡುಕುತ್ತಿದ್ದ ರಾಜಗೋಪಾಲ ಬಾಯಿ ಮುಚ್ಚುವುದನ್ನೇ ಮರೆತಿದ್ದರು. ಈ ಚುಕ್ಕೆಗಳನ್ನು ಮಾರುವುದೇ ಅನೂಪನ ಉದ್ಯೋಗ.

“ಹೆಸರು, ನಂಬರು ಯಾವುದೂ ಇರಲ್ಲ ಸರ್. ಎಲ್ಲರೂ ಒಪ್ಪಿಗೆ ಕೊಟ್ಟವರೇ,” ಎಂದ ಅನೂಪ್.

“ಅದು ಸರಿ ಮಾರಾಯ್ರೆ, ಸಮುದ್ರದ ಮೇಲೆ ಇದ್ಯಾರು?”

ಊರಂಚಿನ ಸೀಬ್ ಬಡಾವಣೆಯ ದಡದಿಂದಾಚೆ, ಅಷ್ಟೂ ನೀಲಿಯ ನಡುವೆ, ಒಂದೇ ಒಂದು ಚುಕ್ಕೆ. ಮೀನುಗಾರರಿರಬೇಕು ಎನ್ನುತ್ತ ಅನೂಪ್ ಅದನ್ನು ಒತ್ತಿದ. ಚುಕ್ಕೆ ತನ್ನ ದಾರಿಯನ್ನೆಲ್ಲ ಬಿಡಿಸಿ ತೋರಿಸಿತು. ವಾರಕ್ಕೊಂದು ಬೆಳಿಗ್ಗೆ ಸಮುದ್ರ, ದಿನಾ ರಾತ್ರಿ ಸೀಬ್‌ನ ಒಂದು ಮನೆ. ಆ ಮನೆ ಅನೂಪನದೇ! ಮಾಹಿತಿ ಬಂದಿದ್ದು ಪಂಚಾಂಗದ ಆ್ಯಪ್‌ನಿಂದ. ಮಸ್ಕತ್ತಿನ ರಾಹುಕಾಲ ಸರಿಯಾಗಿ ಗೊತ್ತಾಗಲಿ ಎಂದು ಅಮ್ಮನ ಫೋನಿಗೆ ಅದನ್ನು ಹಾಕಿಕೊಟ್ಟು, ಅದು ಕೇಳಿದ್ದಕ್ಕೆಲ್ಲ ‘ಒಪ್ಪಿದೆ’ ಒತ್ತಿದ್ದವನೂ ಅವನೇ.

ಮಾಲ್‌ನ ಎಸ್ಕಲೇಟರ್ ಹತ್ತುವಾಗ ಮಗನ ತೋಳು ಹಿಡಿದು ರಾಮ ರಾಮಾ ಎನ್ನುವ ಕಾಂತಾಮಣಿ, ನಡು ಸಮುದ್ರದಲ್ಲಿ! ಅವನಿಗೆ ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. ಹುಟ್ಟಿದಾಗಿನಿಂದ ನೋಡಿದ ಅಮ್ಮನೊಳಗೆ ಇಂಥವಳೊಬ್ಬಳು ಇದ್ದಳೇ?

ಸಂಜೆ ನೇರ ಅಡುಗೆಮನೆಗೆ ಹೋದ. “ಅಮ್ಮಾ, ನೀನು ದೋಣಿ ಹತ್ತಿದ್ಯಾ?”

ಹುರುಳೀಕಾಯಿ ಸೋಸುತ್ತಿದ್ದ ಕೈ ನಿಂತಿತು. “ಪಕ್ಕದ್ಮನೆ ಸಾಲಿಮನ ಅಮ್ಮ ಕರ್ಕೊಂಡು ಹೋಗ್ತಾರೆ ಕಣೋ, ಅವರ ಯಜಮಾನ್ರ ದೋಣೀಲಿ. ನೀನು ಬೇಡ ಅಂತೀಯ ಅಂತ ಹೇಳಿರ್ಲಿಲ್ಲ. ಅಷ್ಟು ದೂರ ಹೋಗಿ ಇಂಜಿನ್ ನಿಲ್ಲಿಸಿಬಿಡ್ತಾರೆ. ಸುತ್ತ ಬರೀ ನೀರು, ಒಂದು ಸದ್ದಿಲ್ಲ. ದೇವ್ರಾಣೆ, ಅದನ್ನ ಹೆಂಗೆ ಹೇಳ್ಲಿ ನಿಂಗೆ!” ಅರಳಿದ್ದ ಮುಖ ತಟ್ಟನೆ ಸಪ್ಪಗಾಯಿತು. “ಅದಿರ್ಲಿ, ನಿಂಗ್ಯಾರು ಹೇಳಿದ್ರು?”

“ನಿನ್ನ ಫೋನು. ಅದು ಹೇಳೋದನ್ನ ನಮ್ಮ ಕಂಪನಿ ಕೊಂಡ್ಕೊಂಡು ಮಾರುತ್ತೆ.”

“ನನ್ನ ಒಂದು ಮಾತು ಕೇಳ್ದೆ?”

“ನಿನ್ನ ಪರವಾಗಿ ನಾನೇ ಒಪ್ಪಿದ್ದೆ. ಇರ್ಲಿ ಬಿಡು, ಇನ್ನು ದೋಣಿ ಗೀಣಿ ಎಲ್ಲ ಬೇಡ. ಈಜು ಬೇರೆ ಬರಲ್ಲ ನಿಂಗೆ.”

ಕಾಂತಾಮಣಿ ಜಗಳಕ್ಕೆ ನಿಲ್ಲಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು, ತಮ್ಮ ಫೋನನ್ನು ಅವನ ಅಂಗಿಯ ಜೇಬಿಗೆ ಹಾಕಿದರು.

“ನಾಳೆ ನಾನು ದೋಣಿಗೆ ಹೋಗಿ ಬರೋವರ್ಗೂ ಇದು ನಿನ್ನ ಹತ್ರಾನೇ ಇರ್ಲಿ. ನಾನೆಲ್ಲಿದೀನಿ ಅಂತ ಕೊಂಡ್ಕೊಂಡೋರು ಕೇಳಿದ್ರೆ, ಮಗನ ಜೇಬಲ್ಲಿದಾಳೆ ಅನ್ನು.”